ರೆಸಿಡೆಂಟ್ ಈವಿಲ್ 5: ಜೋಡಿ ಆಟ ಮತ್ತು ಮರ್ಸಿನರೀಸ್ ಮೋಡ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದ ಹೆಚ್ಚಿನ ಭಾಗ 2009ರ ರೆಸಿಡೆಂಟ್ ಈವಿಲ್ 5ಕ್ಕೆ ಸಂಬಂಧಿಸಿದ್ದು. ಹಾರರ್ ಆಟಗಳಲ್ಲಿ ಇಬ್ಬರು ಕೂಡಿ ಆಡುವ ಕಥೆ ಮತ್ತು ಗಡಿಯಾರದ ವಿರುದ್ಧ ಅಂಕ ಗಳಿಸುವ ಆರ್ಕೇಡ್ ಮೋಡ್, ಎರಡೂ ಒಂದೇ ಡಿಸ್ಕ್‌ನಲ್ಲಿ ಇಷ್ಟು ಚೆನ್ನಾಗಿ ಬೆರೆತ ಆಟ ಇನ್ನೊಂದು ಸಿಗುವುದು ಕಷ್ಟ. ಸರಣಿಯ ಉಳಿದ ಆಟಗಳ ಬಗ್ಗೆ ಬರುವ ಪ್ರಶ್ನೆಗಳನ್ನು ಕೊನೆಯ ಕಡೆಗೆ ಇಟ್ಟಿದ್ದೇವೆ.

ಮರ್ಸಿನರೀಸ್ ಅಂದರೆ ಏನು? ಕಥೆಗೂ ಅದಕ್ಕೂ ಸಂಬಂಧ ಇದೆಯಾ?

ಕಥೆಗೆ ಸಂಬಂಧವಿಲ್ಲ. ಒಂದು ಸಣ್ಣ ಬಯಲು, ಒಂದು ಗಡಿಯಾರ, ಸಾಲುಸಾಲಾಗಿ ನುಗ್ಗುವ ಶತ್ರುಗಳು. ಸಮಯ ಮುಗಿಯುವುದರೊಳಗೆ ಎಷ್ಟು ಅಂಕ ಸಾಧ್ಯವೋ ಅಷ್ಟು ಬಾಚಿಕೊಳ್ಳಬೇಕು. ಇದು ಮೊದಲು ಕಾಣಿಸಿಕೊಂಡದ್ದು 1999ರ ರೆಸಿಡೆಂಟ್ ಈವಿಲ್ 3ರಲ್ಲಿ. ಅಲ್ಲಿ ಕಾರ್ಲೋಸ್, ಮಿಖಾಯಿಲ್, ನಿಕೊಲಾಯ್ ಈ ಮೂವರಲ್ಲಿ ಒಬ್ಬರನ್ನು ಆರಿಸಿಕೊಂಡು, ಕೈಯಲ್ಲಿ 2 ನಿಮಿಷ ಇಟ್ಟುಕೊಂಡು ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಬೇಕಿತ್ತು. ಕೊಂದಷ್ಟೂ, ಸಿಕ್ಕಿಬಿದ್ದವರನ್ನು ಬಿಡಿಸಿದಷ್ಟೂ ಸಮಯ ಸೇರುತ್ತಿತ್ತು. ಗೆದ್ದ ಹಣದಿಂದ ಮುಖ್ಯ ಕಥೆಗೆ ಬಂದೂಕು ಕೊಳ್ಳಬಹುದಿತ್ತು: ಅಸಾಲ್ಟ್ ರೈಫಲ್‌ಗೆ 2000, ರಾಕೆಟ್ ಲಾಂಚರ್‌ಗೆ 4000, ಎಲ್ಲ ಬಂದೂಕುಗಳಿಗೂ ಮುಗಿಯದ ಗುಂಡು ಬೇಕೆಂದರೆ 9999. 2005ರ ನಾಲ್ಕನೆಯ ಆಟದಲ್ಲಿ ಓಟ ಹೋಗಿ, ಒಂದೇ ಬಯಲಲ್ಲಿ ನಿಂತು ಕಾದಾಡುವ ಇಂದಿನ ರೂಪ ಬಂತು. ಐದನೆಯದರಲ್ಲಿ ಅದಕ್ಕೆ ಎರಡನೆಯ ಆಟಗಾರ ಸೇರಿಕೊಂಡ.

ಆಟ ತಂದ ದಿನವೇ ಮರ್ಸಿನರೀಸ್ ಆಡಬಹುದಾ?

ಆಗದು. ಮೊದಲು ಕಥೆಯನ್ನು ಒಂದು ಸಲ ಮುಗಿಸಬೇಕು. ಕಷ್ಟದ ಮಟ್ಟ ಯಾವುದಾದರೂ ಸರಿ, ಆದ್ದರಿಂದ ಆತುರವಿದ್ದವರು ಅತಿ ಸುಲಭದ ಅಮೆಚೂರ್ ಮಟ್ಟದಲ್ಲಿ ಆಡಿ ಮುಗಿಸಬಹುದು. ಒಳಗೆ ಒಟ್ಟು 8 ಅಂಕಣಗಳಿವೆ. ಮೊದಲನೆಯದು ಪಬ್ಲಿಕ್ ಅಸೆಂಬ್ಲಿ. ಒಳ್ಳೆಯ ರ‍್ಯಾಂಕ್ ಬಂದ ಹಾಗೆ ಮುಂದಿನ ಅಂಕಣ, ಹೊಸ ಪಾತ್ರ, ಹೊಸ ಉಡುಪು ತೆರೆದುಕೊಳ್ಳುತ್ತವೆ.

ಒಂದೇ ಟೀವಿಯಲ್ಲಿ ಇಬ್ಬರು ಕೂತು ಆಡಬಹುದಾ?

ಪಿಎಸ್3, ಎಕ್ಸ್‌ಬಾಕ್ಸ್ 360ರಲ್ಲಿ ಮೊದಲಿನಿಂದಲೂ ಆಗುತ್ತದೆ. 2016ರಲ್ಲಿ ಬಂದ ಪಿಎಸ್4, ಎಕ್ಸ್‌ಬಾಕ್ಸ್ ಒನ್ ಆವೃತ್ತಿಗಳಲ್ಲೂ 2019ರ ಸ್ವಿಚ್ ಆವೃತ್ತಿಯಲ್ಲೂ ಇದೆ. ತಕರಾರು ಇದ್ದದ್ದು ಪಿಸಿಯಲ್ಲಿ. 2009ರ ಪಿಸಿ ಆವೃತ್ತಿಯಲ್ಲಿ ಸ್ಪ್ಲಿಟ್ ಸ್ಕ್ರೀನ್ ಇರಲೇ ಇಲ್ಲ, ಜನ ಮಾಡ್ (ಅಭಿಮಾನಿಗಳು ಮಾಡಿದ ಮಾರ್ಪಾಡು) ಹಾಕಿಕೊಂಡು ಆಡುತ್ತಿದ್ದರು. 2023ರಲ್ಲಿ ಸ್ಟೀಮ್ ಆವೃತ್ತಿಗೆ ಬಂದ ಅಪ್‌ಡೇಟ್ ಅದನ್ನು ಅಧಿಕೃತವಾಗಿ ಸೇರಿಸಿತು. ಹಳೆಯ ಮಾಡ್ ಫೈಲುಗಳು ಫೋಲ್ಡರ್‌ನಲ್ಲಿ ಉಳಿದಿದ್ದರೆ ಮೊದಲು ತೆಗೆದುಹಾಕಿ, ಆಮೇಲೆ ಸ್ಟೀಮ್‌ನಲ್ಲಿ ಫೈಲುಗಳನ್ನು ವೆರಿಫೈ ಮಾಡಿಸಿ.

ಪರದೆ ಹಂಚಿಕೆಯಾದಾಗ ಎರಡು ಕಿಟಕಿಗಳೂ ಒಂದು ಎಡಕ್ಕೆ, ಒಂದು ಬಲಕ್ಕೆ ಸರಿದು, ಪಕ್ಕದಲ್ಲಿ ಕಪ್ಪು ಜಾಗ ಉಳಿಯುತ್ತದೆ. ಟೀವಿ ಕೆಟ್ಟಿದೆ ಅಂದುಕೊಳ್ಳಬೇಡಿ, ಆಟವೇ ಹಾಗೆ. ಅರ್ಧ ಪರದೆಯಲ್ಲೂ ಅಗಲ ಮತ್ತು ಎತ್ತರದ ಅನುಪಾತ ಕೆಡಬಾರದೆಂದು ಹಾಗೆ ಮಾಡಿದ್ದಾರೆ. ಚಿಕ್ಕ ಟೀವಿಯಲ್ಲಿ ಅಕ್ಷರ ಓದಲು ಕಷ್ಟವಾಗುತ್ತದೆ, ಹತ್ತಿರ ಕೂರುವುದೇ ದಾರಿ.

ಗೆಳೆಯ ಅರ್ಧದಲ್ಲಿ ಬಂದು ಸೇರಿಕೊಳ್ಳಬಹುದಾ?

ಸೇರಬಹುದು, ಆದರೆ ಗುಂಡಿನ ಕಾಳಗದ ನಟ್ಟನಡುವೆ ಧುಮುಕಲಾಗದು. ಚೆಕ್‌ಪಾಯಿಂಟ್ ಹಿಡಿದೇ ಆಟ ಮುಂದುವರಿಯುತ್ತದೆ. ಹಾಗಾಗಿ ಯಾರಾದರೂ ಬರುವುದು ಗೊತ್ತಿದ್ದರೆ ಹೊಸ ಚಾಪ್ಟರ್ ಶುರುವಿನಲ್ಲೇ ಕಾಯುವುದು ಒಳ್ಳೆಯದು. ಒಟ್ಟು 16 ಚಾಪ್ಟರ್‌ಗಳಿವೆ, 1-1ರಿಂದ 6-3ರ ತನಕ. ಒಂದೊಂದೂ ಒಂದು ಸಂಜೆಯ ಕೂಟಕ್ಕೆ ಸರಿಹೋಗುವ ಅಳತೆಯದು.

ಸೆಷನ್ ತೆರೆಯುವವರು ಸೆಟ್ಟಿಂಗ್ ಒಮ್ಮೆ ನೋಡಿಕೊಳ್ಳಿ. ಮುಗಿಯದ ಗುಂಡಿನ ಬಂದೂಕು ಬಳಸಬಹುದೇ, ಒಬ್ಬರ ಗುಂಡು ಇನ್ನೊಬ್ಬರಿಗೆ ತಾಗಬೇಕೇ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಮೊದಲ ಸಲ ಆಡುವವರ ಜೊತೆ ಎರಡನ್ನೂ ಆಫ್ ಇಡಿ. ಒಬ್ಬರು ರಾಕೆಟ್ ಸುರಿಯುತ್ತಾ ಹೋದರೆ ಹೊಸಬರಿಗೆ ಹಿಂದೆ ನಡೆಯುವುದು ಬಿಟ್ಟು ಬೇರೆ ಕೆಲಸ ಇರುವುದಿಲ್ಲ.

ಚೀಲದ 9 ಖಾನೆ ಸಾಲುವುದೇ ಇಲ್ಲ. ಹೇಗೆ ಜೋಡಿಸಿಕೊಳ್ಳಬೇಕು?

ಒಬ್ಬೊಬ್ಬರಿಗೂ 3 ಸಾಲು, ಸಾಲಿಗೆ 3 ಖಾನೆ. ಚೀಲ ತೆರೆದರೂ ಆಟ ನಿಲ್ಲುವುದಿಲ್ಲ, ಶತ್ರು ನಡೆದು ಬರುತ್ತಲೇ ಇರುತ್ತಾನೆ. ಆದ್ದರಿಂದ ಯಾವುದು ಎಲ್ಲಿದೆ ಎಂಬುದು ಬೆರಳಿಗೆ ಗೊತ್ತಿರಬೇಕು.

ಡಿ-ಪ್ಯಾಡ್‌ನ ನಾಲ್ಕು ದಿಕ್ಕುಗಳು ನಡುಖಾನೆಯ ಮೇಲೆ, ಕೆಳಗೆ, ಎಡ, ಬಲದ ಖಾನೆಗಳಿಗೆ ನೇರ ಹೋಗುತ್ತವೆ. ಆ ನಾಲ್ಕರಲ್ಲಿ ಕೈಗೆ ತಕ್ಷಣ ಬೇಕಾದವನ್ನು ಇಡಿ: ಎರಡು ಬಂದೂಕು, ಒಂದು ಗ್ರೆನೇಡ್, ಗಾಯ ಗುಣಪಡಿಸುವ ಒಂದು ಮೂಲಿಕೆ ಅಥವಾ ಸ್ಪ್ರೇ. ನಾಲ್ಕು ಮೂಲೆ ಮತ್ತು ನಡುಖಾನೆ ಮದ್ದುಗುಂಡಿಗೆ, ಕವಚಕ್ಕೆ. ಕವಚವೂ ಒಂದು ಖಾನೆ ತಿನ್ನುತ್ತದೆ ಎಂಬುದನ್ನು ಮರೆಯಬೇಡಿ. ಗುಂಡು ತಡೆಯುವ ಕವಚ, ಹೊಡೆತ ತಡೆಯುವ ಕವಚ ಎರಡನ್ನೂ ಹೊತ್ತರೆ 7 ಖಾನೆಯಷ್ಟೇ ಉಳಿಯಿತು. ಕಥೆಯ ಮೊದಲರ್ಧದಲ್ಲಿ ಕೈಯಲ್ಲಿ ಕತ್ತಿ, ಕೊಡಲಿ ಹಿಡಿದವರೇ ಹೆಚ್ಚು. ಬಂದೂಕು ಹಿಡಿದವರು ಆಮೇಲೆ ಬರುತ್ತಾರೆ. ಒಂದೊಂದು ಕಾಲಕ್ಕೆ ಒಂದೊಂದು ಕವಚ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಇಬ್ಬರೂ ಒಂದೇ ಜಾತಿಯ ಬಂದೂಕು ಹೊರಬೇಡಿ. ಆಟದ ನಡುವೆ ಗುಂಡು, ಮೂಲಿಕೆ ಕೈ ಬದಲಾಯಿಸಬಹುದು, ಬಂದೂಕನ್ನು ಕೊಡಲಾಗದು. ಒಬ್ಬರು ಶಾಟ್‌ಗನ್, ಇನ್ನೊಬ್ಬರು ರೈಫಲ್ ಎಂದು ಮೊದಲೇ ಮಾತಾಡಿಕೊಂಡರೆ ಸಿಕ್ಕ ಗುಂಡೆಲ್ಲ ಯಾರದ್ದೆಂದು ಜಗಳವಿರುವುದಿಲ್ಲ. ಚಿನ್ನದ ಬಗ್ಗೆಯೂ ಜಗಳ ಬೇಡ, ಒಬ್ಬರು ಎತ್ತಿಕೊಂಡರೆ ಇಬ್ಬರಿಗೂ ಸೇರುತ್ತದೆ.

ಚಾಪ್ಟರ್ ನಡುವಿನಲ್ಲಿ ಗುಂಡು ಪೂರ್ತಿ ಖಾಲಿಯಾಯಿತೇ? ಸತ್ತ ಮೇಲೆ ಬರುವ ಪರದೆಯಲ್ಲೂ ಅಂಗಡಿ ತೆರೆದಿರುತ್ತದೆ. ಅಲ್ಲಿ ಬಂದೂಕು ಸುಧಾರಿಸಿದರೆ ಮ್ಯಾಗಜೀನ್ ತುಂಬಿಯೇ ಸಿಗುತ್ತದೆ. ಗುಂಡು ಹಿಡಿಸುವ ಸಾಮರ್ಥ್ಯದ ಸುಧಾರಣೆಯನ್ನು ಇಂಥ ಹೊತ್ತಿಗೇ ಕಾದಿರಿಸುವವರು ಬುದ್ಧಿವಂತರು.

ಜೊತೆಗಾರ ಬಿದ್ದರೆ ಏನು ಮಾಡಬೇಕು?

ಜೀವ ಪೂರ್ತಿ ಇಳಿದರೂ ತಕ್ಷಣ ಸಾವಿಲ್ಲ. ಡೈಯಿಂಗ್ ಸ್ಥಿತಿ ಬರುತ್ತದೆ, ತೂರಾಡುತ್ತಾ ನಡೆಯಬಹುದು, ಗುಂಡು ಹಾರಿಸಲಾಗದು. ಅಷ್ಟರೊಳಗೆ ಇನ್ನೊಬ್ಬರು ಹತ್ತಿರ ಬಂದು ಎಬ್ಬಿಸಬೇಕು. ಒಬ್ಬರು ಸತ್ತರೂ ಇಬ್ಬರ ಆಟವೂ ಮುಗಿದಂತೆ.

ಎಲ್ಲರೂ ಮಾಡುವ ತಪ್ಪು: ಬಿದ್ದವನು ನಿಂತಲ್ಲೇ ನಿಂತು ಕೂಗುವುದು. ಬಿದ್ದವನೇ ಜೊತೆಗಾರನ ಕಡೆಗೆ ನಡೆಯಬೇಕು. ಇಬ್ಬರೂ ನಡೆದರೆ ದೂರ ಅರ್ಧವಾಗುತ್ತದೆ. ಇನ್ನೊಂದು ತಪ್ಪು, ಬರಿಗೈಯಲ್ಲಿ ಎಬ್ಬಿಸಿ ಅಲ್ಲಿಗೇ ಬಿಡುವುದು. ಹಾಗೆ ಎದ್ದವನಿಗೆ ಸಿಗುವ ಜೀವ ತೀರಾ ಕಮ್ಮಿ, ಮುಂದಿನ ಏಟಿಗೇ ಮತ್ತೆ ಬೀಳುತ್ತಾನೆ. ಹತ್ತಿರ ನಿಂತು ಮೂಲಿಕೆ ಬಳಸಿದರೆ ಇಬ್ಬರಿಗೂ ಗುಣ ಹಿಡಿಯುತ್ತದೆ. ಗಾಯವಾದಾಗ ಒಬ್ಬೊಬ್ಬರೇ ಬಳಸಿಕೊಳ್ಳುವ ಬದಲು 'ಬಾ, ಹತ್ತಿರ ಬಾ' ಎಂದು ಕರೆದು ಒಂದೇ ಮೂಲಿಕೆಯಲ್ಲಿ ಮುಗಿಸಿ.

ಅತಿ ಕಷ್ಟದ ಪ್ರೊಫೆಷನಲ್ ಮಟ್ಟದಲ್ಲಿ ಬಹುತೇಕ ಯಾವ ಏಟು ಬಿದ್ದರೂ ನೇರ ಡೈಯಿಂಗ್, ಎಬ್ಬಿಸಲು ಸಿಗುವ ಸಮಯವೂ ಚೂರು. ಅಲ್ಲಿ ಒಂದೇ ನಿಯಮ: ಒಂದು ಕೋಣೆಯಷ್ಟು ದೂರಕ್ಕಿಂತ ಹೆಚ್ಚು ಅಗಲಬೇಡಿ.

ಒಬ್ಬನೇ ಆಡುವಾಗ ಶೇವಾ ಗುಂಡೆಲ್ಲ ಖಾಲಿ ಮಾಡುತ್ತಾಳೆ. ಪರಿಹಾರ?

ಶೇವಾ ಕಥಾನಾಯಕ ಕ್ರಿಸ್‌ನ ಜೊತೆಗಾತಿ, ಒಬ್ಬರೇ ಆಡುವಾಗ ಅವಳನ್ನು ಆಟವೇ ನಡೆಸುತ್ತದೆ. ಅವಳಿಗೆ ಎರಡು ಆಜ್ಞೆ ಕೊಡಬಹುದು, ಅಟ್ಯಾಕ್ ಮತ್ತು ಕವರ್. ಕವರ್‌ನಲ್ಲಿ ಹತ್ತಿರವೇ ಇದ್ದು ಲೆಕ್ಕ ನೋಡಿ ಗುಂಡು ಹಾರಿಸುತ್ತಾಳೆ. ಅಟ್ಯಾಕ್‌ನಲ್ಲಿ ಮುನ್ನುಗ್ಗಿ ಸುರಿಯುತ್ತಾಳೆ. ಸಾಮಾನ್ಯ ಹೊತ್ತಿನಲ್ಲಿ ಕವರ್ ಇರಲಿ.

ಗುಂಡಿಗಿಂತ ದೊಡ್ಡ ನಷ್ಟ ಮೂಲಿಕೆಯದು. ಸಣ್ಣ ಗೀರಾದರೂ ಅವಳು ಸ್ಪ್ರೇ ತೆಗೆಯುತ್ತಾಳೆ. ಬೆಲೆಬಾಳುವ ಔಷಧಿ ನಿಮ್ಮ ಚೀಲದಲ್ಲೇ ಇಟ್ಟುಕೊಳ್ಳಿ, ಬೇಕಾದಾಗ ಹತ್ತಿರ ಹೋಗಿ ನೀವೇ ಬಳಸಿ. ಚಾಪ್ಟರ್ ಶುರುವಾಗುವ ಮೊದಲೇ ಅವಳ ಕೈಗೆ ಒಂದೇ ಒಂದು ಒಳ್ಳೆಯ ಬಂದೂಕು ಕೊಟ್ಟು, ಅದನ್ನೇ ಪೂರ್ತಿ ಸುಧಾರಿಸಿ. ಪೂರ್ತಿ ಸುಧಾರಿಸಿದ ಬಂದೂಕಿಗೆ ಆಟ ಮುಗಿದ ಮೇಲೆ ಪಾಯಿಂಟ್ ಕೊಟ್ಟು ಮುಗಿಯದ ಗುಂಡು ಪಡೆಯಬಹುದು, ಆಗ ಈ ತಲೆನೋವೇ ಇಲ್ಲ.

ಇಬ್ಬರು ಇರಲೇಬೇಕು ಎನ್ನುವ ಹಾಗೆ ಮಾಡಿದ ಜಾಗಗಳು ಯಾವುವು?

ಚಾಪ್ಟರ್ 1-2ರ ಕೊನೆಯ ಕುಲುಮೆ ಮೊದಲನೆಯದು. ಅಲ್ಲಿ ಬರುವ ಉರೊಬೊರೊಸ್ ಎಂಬ ದೈತ್ಯ ಜೀವಿಗೆ ಪಿಸ್ತೂಲಿನ ಗುಂಡು ನಾಟುವುದೇ ಇಲ್ಲ. ಒಬ್ಬರು ಅದನ್ನು ಕುಲುಮೆಯೊಳಕ್ಕೆ ಎಳೆದುಕೊಂಡು ಹೋಗಬೇಕು, ಇನ್ನೊಬ್ಬರು ಹೊರಗೆ ಸ್ವಿಚ್ ಬಳಿ ನಿಲ್ಲಬೇಕು. ಒಳಗಿದ್ದವರು ಹೊರಬಂದ ಕೂಡಲೇ ಸ್ವಿಚ್. ಕೆಡುವುದು ಆತುರದಿಂದ: ಅದು ಪೂರ್ತಿ ಒಳಗೆ ಬರುವ ಮುಂಚೆಯೇ ಒತ್ತಿದರೆ ಬೆಂಕಿ ದಂಡ, ಕುಲುಮೆ ಮತ್ತೆ ಸಿದ್ಧವಾಗುವ ತನಕ ಅದರ ಜೊತೆ ಕಣ್ಣಾಮುಚ್ಚಾಲೆ ಆಡುತ್ತಿರಬೇಕು.

ನಮಗೆ ಹೆಚ್ಚು ಮೆಚ್ಚುಗೆಯಾದದ್ದು 2-2ರ ಗಣಿ. ಕಗ್ಗತ್ತಲು. ಒಬ್ಬರು ದೊಡ್ಡ ದೀಪ ಹೊತ್ತು ನಡೆಯಬೇಕು, ಹೊತ್ತವರ ಕೈಗೆ ಬಂದೂಕಿಲ್ಲ. ಬಂದೂಕು ಹಿಡಿದವರಿಗೆ ದೀಪ ತಿರುಗಿದ ಕಡೆ ಮಾತ್ರ ಕಣ್ಣು. ಜೊತೆಗಾರನ ಮೇಲೆ ಇಷ್ಟು ಪೂರ್ತಿಯಾಗಿ ಆತುಕೊಳ್ಳುವ ಜಾಗ ಈ ಆಟದಲ್ಲಿ ಇನ್ನೊಂದಿಲ್ಲ. ದೀಪ ಹೊತ್ತವರು ಶತ್ರುವಿನ ಮೇಲೆ ಬೆಳಕು ಸ್ಥಿರವಾಗಿ ಹಿಡಿಯಬೇಕು. ಗಾಬರಿಯಲ್ಲಿ ತಿರುಗಿದರೆ ಗುರಿ ಕತ್ತಲೆಗೆ ಹೋಗುತ್ತದೆ. ಬಂದೂಕಿನವರು ಅರ್ಧ ಹೆಜ್ಜೆ ಮುಂದೆ, ಪಕ್ಕಕ್ಕೆ ಇರಬೇಕು.

ಇದಲ್ಲದೆ ಕ್ರಿಸ್ ಶೇವಾಳನ್ನು ಆಚೆ ಮಹಡಿಗೆ ಎತ್ತಿ ಹಾರಿಸುವ ಜಾಗಗಳು ಹಲವು. ಹಾರುವ ಮೊದಲು ಅವಳ ಬಂದೂಕು ತುಂಬಿದೆಯೇ, ಒಂದು ಮೂಲಿಕೆ ಇದೆಯೇ ನೋಡಿ ಕಳಿಸಿ. ಈ ಕಡೆ ಉಳಿದವರು ರೈಫಲ್ ಹಿಡಿದು ದೂರದಿಂದ ಕಾಯುವುದು ಕೆಲಸ.

ಮರ್ಸಿನರೀಸ್‌ನಲ್ಲಿ ನನ್ನ ಅಂಕ ಏರುವುದೇ ಇಲ್ಲ. ಏನು ತಪ್ಪುತ್ತಿದೆ?

ಹತ್ತರಲ್ಲಿ ಒಂಬತ್ತು ಮಂದಿಗೆ ತಪ್ಪುವುದು ಕಾಂಬೊ. ಒಬ್ಬನನ್ನು ಕೊಂದ ಮೇಲೆ ಸುಮಾರು 10 ಸೆಕೆಂಡಿನೊಳಗೆ ಇನ್ನೊಬ್ಬನನ್ನು ಕೊಂದರೆ ಸರಪಳಿ ಮುಂದುವರಿಯುತ್ತದೆ, ಪ್ರತಿ ಸಾವಿಗೂ ಸಿಗುವ ಹೆಚ್ಚುವರಿ ಅಂಕ ಬೆಳೆಯುತ್ತದೆ. ಸರಪಳಿ ಕಡಿದರೆ ಮತ್ತೆ ಮೊದಲಿಂದ. ಒಂದು ಅಂಕಣದಲ್ಲಿ ಬರುವ ಶತ್ರುಗಳು 150. ಎಲ್ಲ 150ನ್ನೂ ಒಂದೇ ಸರಪಳಿಯಲ್ಲಿ ಪೋಣಿಸುವುದು ಬಲ್ಲವರ ಗುರಿ.

ಎರಡನೆಯದು ಗಡಿಯಾರ. ಕೈಕಾಲಿನ ಹೊಡೆತದಿಂದ ಕೊಂದ ಪ್ರತಿ ಶತ್ರುವಿಗೂ 5 ಸೆಕೆಂಡ್ ಸೇರುತ್ತದೆ. ಗುಂಡಿನಿಂದ ಕೊಂದರೆ ಏನೂ ಸೇರುವುದಿಲ್ಲ. ಲೆಕ್ಕ ಹಾಕಿ: 20 ಮಂದಿಯನ್ನು ಗುದ್ದಿ ಕೊಂದರೆ 100 ಸೆಕೆಂಡ್. ಅಂಕಣದಲ್ಲಿ ಅಲ್ಲಲ್ಲಿ ನಿಂತಿರುವ ಸಮಯದ ಹರಳು ಒಡೆದರೆ ಸಿಗುವುದು 30, 60, ಹೆಚ್ಚೆಂದರೆ 90. ಅಂದರೆ ದೊಡ್ಡ ಹರಳಿಗಿಂತ ನಿಮ್ಮ ಮುಷ್ಟಿಯೇ ಹೆಚ್ಚು ಕೊಡುತ್ತದೆ. ಬಂದೂಕು ಇರುವುದು ಶತ್ರುವನ್ನು ತೂರಾಡಿಸುವುದಕ್ಕೆ. ಕೊಲ್ಲುವ ಕೆಲಸವನ್ನು ಕೈಗೆ ಬಿಡಿ.

ಕ್ರಮ ಹೀಗೆ. ಪಿಸ್ತೂಲಿನಿಂದ ತಲೆಗೆ ಒಂದು ಗುಂಡು. ಅವನು ಮುಖ ಹಿಡಿದುಕೊಂಡು ತೂರಾಡುತ್ತಾನೆ. ಓಡಿ ಹತ್ತಿರ ಹೋಗಿ, ತೆರೆಯ ಮೇಲೆ ಬಟನ್ ಗುರುತು ಕಂಡ ಕೂಡಲೇ ಒತ್ತಿ. ಕಾಲಿಗೆ ಹೊಡೆದರೆ ಮಂಡಿಯೂರುತ್ತಾನೆ. ಆಗ ಬೆನ್ನ ಹಿಂದಿನಿಂದ ಹೋದರೆ ಕ್ರಿಸ್ ಕತ್ತು ತಿರುವುತ್ತಾನೆ, ಶೇವಾ ಚಾಕು ಹಾಕುತ್ತಾಳೆ. ನೆಲಕ್ಕೆ ಬಿದ್ದವನನ್ನು ತುಳಿಯಬಹುದು. ಈ ಹೊಡೆತಗಳು ನಡೆಯುತ್ತಿರುವಷ್ಟು ಹೊತ್ತು ನಿಮಗೆ ಏಟು ತಾಗುವುದಿಲ್ಲ ಎಂಬುದು ದೊಡ್ಡ ಲಾಭ. ಸುತ್ತ ಆರು ಜನ ಮುತ್ತಿದಾಗ ಹಿಂದಕ್ಕೆ ಓಡುವುದಕ್ಕಿಂತ ಒಬ್ಬನ ತಲೆಗೆ ಹೊಡೆದು ಗುದ್ದುವುದೇ ಕ್ಷೇಮ. ಗುದ್ದು ಪಕ್ಕದವರನ್ನೂ ಬೀಳಿಸುತ್ತದೆ.

ಈ ಆಟದಲ್ಲಿ ಗುರಿ ಹಿಡಿದು ನಡೆಯಲಾಗದು, ನಿಂತೇ ಹೊಡೆಯಬೇಕು. ಹೊಸ ಆಟಗಳಿಂದ ಬಂದವರಿಗೆ ಮೊದಮೊದಲು ಕೈಕಟ್ಟಿದಂತೆ ಅನಿಸುವುದು ಇದರಿಂದಲೇ. ಎಲ್ಲಿ ನಿಲ್ಲಬೇಕು ಎಂದು ಮೊದಲೇ ಯೋಚಿಸುವ ಅಭ್ಯಾಸ ಬಂದರೆ ಅದೇ ಹಿತವಾಗುತ್ತದೆ.

ಗುಂಡಿನಿಂದ ತಲೆ ಹಾರಿಸಿದರೆ ಕೆಲವರ ಕತ್ತಿನಿಂದ ಸೆಫಲೊ ಎಂಬ ಪರಾವಲಂಬಿ ಹುಳು ಹೊರಬಂದು ಕಾದಾಟ ಎಳೆಯುತ್ತದೆ, ಕಾಂಬೊ ಕಡಿಯುತ್ತದೆ. ಫ್ಲ್ಯಾಶ್ ಗ್ರೆನೇಡ್ ಎಸೆದರೆ ಹೊರಬಂದ ಹುಳು ಅಲ್ಲೇ ಸಾಯುತ್ತದೆ. ಒಂದು ಫ್ಲ್ಯಾಶ್ ಕೈಯಲ್ಲಿ ಉಳಿಸಿಕೊಳ್ಳಿ.

ಮೊದಲು ಕೊಲ್ಲುವುದೋ, ಹರಳು ಒಡೆಯುವುದೋ?

ಹತ್ತಿರದ ಎರಡು ಮೂರು ಹರಳು ಮೊದಲು. ಸಾಯಿಸುತ್ತಾ ದಾರಿ ಮಾಡಿಕೊಂಡು ಹೋಗಿ, ಬರಿದೇ ಓಡಬೇಡಿ. ದೂರದ ಹರಳಿಗಾಗಿ ಶತ್ರುಗಳಿಲ್ಲದ ಓಣಿಯಲ್ಲಿ ಓಡಿದರೆ ಕಾಂಬೊ ಸಾಯುತ್ತದೆ. ಅಂಥ ಓಟಕ್ಕೆ ಮುಂಚೆ ಒಬ್ಬ ಶತ್ರುವನ್ನು ಅರೆಜೀವ ಮಾಡಿ ಹಿಂದೆ ಬರಲು ಬಿಡಿ, ಹರಳು ಒಡೆದು ತಿರುಗಿ ಅವನನ್ನು ಮುಗಿಸಿದರೆ ಸರಪಳಿ ಉಳಿಯುತ್ತದೆ.

ಇಬ್ಬರು ಆಡುವಾಗ ಕೆಲಸ ಹೇಗೆ ಹಂಚಿಕೊಳ್ಳಬೇಕು?

ಗಡಿಯಾರ ಒಂದೇ, ಕಾಂಬೊ ಒಂದೇ. ನಿಮ್ಮ ಜೊತೆಗಾರ ಕೊಂದರೂ ನಿಮ್ಮ ಸರಪಳಿ ಉಳಿಯುತ್ತದೆ. ಇದನ್ನು ಅರಿತುಕೊಂಡ ಜೋಡಿ ಅರ್ಧ ಗೆದ್ದಂತೆ. ಒಬ್ಬರು ಹರಳಿನ ಕಡೆ ಓಡುವಾಗ ಇನ್ನೊಬ್ಬರು ನಿಧಾನವಾಗಿ, ಒಬ್ಬೊಬ್ಬರಾಗಿ ಕೊಲ್ಲುತ್ತಾ ಕಾಂಬೊ ಜೀವಂತ ಇಡುತ್ತಾರೆ. ಇಲ್ಲಿ ವೇಗ ಬೇಡ. ಎಂಟು ಮಂದಿ ಎದುರಿದ್ದರೆ ಗ್ರೆನೇಡ್ ಎಸೆದು ಒಟ್ಟಿಗೆ ಮುಗಿಸಿದರೆ ಆಮೇಲೆ ಹೊಸಬರು ಬರುವ ತನಕ ಕೈ ಖಾಲಿ.

ಹತ್ತಿರ ಇದ್ದರೆ ಜೋಡಿ ಹೊಡೆತವೂ ಇದೆ. ಒಬ್ಬರು ಗುದ್ದಿದಾಗ ಶತ್ರು ಇನ್ನೊಬ್ಬರ ಕಡೆ ತೂರಾಡುತ್ತಾನೆ, ಅವರಿಗೂ ಬಟನ್ ಗುರುತು ಬರುತ್ತದೆ, ಮತ್ತೆ ಮೊದಲಿನವರಿಗೆ. ಮೂರನೆಯ ಏಟು ಬಲು ಜೋರು. ಪಬ್ಲಿಕ್ ಅಸೆಂಬ್ಲಿಯ ಕೊಡಲಿ ಹಿಡಿದ ಎಕ್ಸಿಕ್ಯೂಷನರ್‌ನಂಥ ದೈತ್ಯ ಬಂದಾಗ ಮಾತ್ರ ಬೇರೆಯಾಗಿ: ಒಬ್ಬರು ಎದುರು ನಿಂತು ಅವನ ಗಮನ ಸೆಳೆಯಲಿ, ಇನ್ನೊಬ್ಬರು ಹಿಂದಿನಿಂದ ಜೋರಾದ ಬಂದೂಕು ಬಳಸಲಿ. ಇಬ್ಬರೂ ಒಂದೇ ಬದಿಯಲ್ಲಿ ನಿಂತರೆ ಒಂದು ಬೀಸಿಗೆ ಇಬ್ಬರೂ ನೆಲಕ್ಕೆ.

ಕೆಳಗೆ ಬಿದ್ದ ಗುಂಡಿನ ಡಬ್ಬಿ ಸ್ವಲ್ಪ ಹೊತ್ತಿಗೆ ಮಾಯವಾಗುತ್ತದೆ. ನಿಮಗೆ ಬೇಡದ್ದು ಕಂಡರೂ ಎತ್ತಿಕೊಳ್ಳಿ, ಬಿಡುವಾದಾಗ ದಾಟಿಸಿ.

ವಾಯ್ಸ್ ಚಾಟ್ ಇಲ್ಲದೆ ಆಗುತ್ತದೆಯೇ?

ಕಥೆಗೆ ಆಗುತ್ತದೆ. ಮರ್ಸಿನರೀಸ್‌ಗೆ ಬೇಕೇ ಬೇಕು. ಕನ್ನಡದಲ್ಲಿ ಆಡುವವರು ಚುಟುಕಾದ ಮಾತುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ: 'ಹಿಂದೆ', 'ಹರಳಿಗೆ ಹೊರಟೆ', 'ಕಾಂಬೊ ನೀನು ನೋಡ್ಕೋ', 'ಬಿದ್ದೆ, ಬಾವಿ ಹತ್ರ'. ಬಿದ್ದಾಗ ಜಾಗದ ಹೆಸರು ಹೇಳದೆ ಬರೀ 'ಬಾರೋ ಬಾರೋ' ಎಂದರೆ ಹುಡುಕುವುದರಲ್ಲೇ ಸಮಯ ಮುಗಿಯುತ್ತದೆ.

ಮರ್ಸಿನರೀಸ್‌ನ ನೋ ಮರ್ಸಿ, ರೀಯೂನಿಯನ್ ಎಂಬ ರೂಪಗಳಿಗೆ ಏನು ವ್ಯತ್ಯಾಸ?

ರೀಯೂನಿಯನ್ 2010ರ ಹೆಚ್ಚುವರಿ ಕಂತುಗಳ ಜೊತೆ ಬಂತು: ನಿಯಮ ಅದೇ, ಪಾತ್ರಗಳಲ್ಲಿ ಬ್ಯಾರಿ, ರೆಬೆಕ್ಕಾ, ಜಾಶ್, ಎಕ್ಸೆಲ್ಲಾ ಸೇರಿದ್ದಾರೆ. ನೋ ಮರ್ಸಿ ಪಿಸಿಗೆ ಮೀಸಲಾದದ್ದು. ತೆರೆಯ ತುಂಬ ಶತ್ರುಗಳು, ಉಸಿರಾಡಲು ಬಿಡುವಿಲ್ಲ. ಕಾಂಬೊ ಕಡಿಯುವ ಭಯ ಕಡಿಮೆ, ಸಾಯುವ ಭಯ ಹೆಚ್ಚು. ಕಲಿಯುವವರು ಅಲ್ಲಿಂದ ಶುರು ಮಾಡಬೇಡಿ, ಎಲ್ಲಿ ನಿಲ್ಲಬೇಕೆಂಬ ಅರಿವೇ ಬೆಳೆಯುವುದಿಲ್ಲ.

ಸರಣಿಯ ಬೇರೆ ಯಾವ ಆಟಗಳಲ್ಲಿ ಇಬ್ಬರು ಆಡಬಹುದು?

2012ರ ಆರನೆಯ ಆಟದಲ್ಲಿ ಕಥೆಯೂ ಮರ್ಸಿನರೀಸೂ ಜೋಡಿಗೆ ತೆರೆದಿವೆ, ಗುರಿ ಹಿಡಿದು ನಡೆಯಲೂ ಬರುತ್ತದೆ. 2015ರ ರೆವೆಲೇಷನ್ಸ್ 2ರ ಕಥೆಯನ್ನು ಒಂದೇ ಟೀವಿಯಲ್ಲಿ ಇಬ್ಬರು ಆಡಬಹುದು, ಆದರೆ ಇಬ್ಬರ ಕೆಲಸ ಸಮನಲ್ಲ. ಕ್ಲೇರ್ ಕೈಯಲ್ಲಿ ಬಂದೂಕು, ಮೊಯಿರಾ ಕೈಯಲ್ಲಿ ಟಾರ್ಚು ಮತ್ತು ಸಲಾಕೆ. ಆಟಕ್ಕೆ ಹೊಸಬರಾದ ತಂಗಿಗೋ ತಮ್ಮನಿಗೋ ಮೊಯಿರಾಳನ್ನು ಕೊಟ್ಟರೆ ಗುರಿಯಿಡುವ ಒತ್ತಡವಿಲ್ಲದೆ ಪೂರ್ತಿ ಕಥೆಯಲ್ಲಿ ಭಾಗಿಯಾಗಬಹುದು. ಅದರ ರೇಡ್ ಮೋಡ್, ಮರ್ಸಿನರೀಸ್‌ನ ಹತ್ತಿರದ ಬಂಧು: ಗಡಿಯಾರದ ಬದಲು ಲೆವೆಲ್ ಏರಿಸುವುದು, ಬಂದೂಕಿಗೆ ಬಿಡಿಭಾಗ ಸೇರಿಸುವುದು.

2021ರ ವಿಲೇಜ್, 2023ರ ನಾಲ್ಕನೆಯ ಆಟದ ರಿಮೇಕ್, ಎರಡರಲ್ಲೂ ಮರ್ಸಿನರೀಸ್ ಇದೆ, ಎರಡೂ ಒಬ್ಬರಿಗೆ ಮಾತ್ರ. ಜೋಡಿ ಆಟಕ್ಕೆಂದು ಕೊಳ್ಳಬೇಡಿ. ರಿಮೇಕ್‌ನ ಮರ್ಸಿನರೀಸ್ 2023ರ ಏಪ್ರಿಲ್‌ನಲ್ಲಿ ಉಚಿತವಾಗಿ ಸೇರಿತು; ಏಡಾ ಮತ್ತು ವೆಸ್ಕರ್ ಪಾತ್ರಗಳು ಸೆಪ್ಟೆಂಬರ್‌ನಲ್ಲಿ ಬಂದವು.

ಹಳೆಯ ನಾಲ್ಕನೆಯ ಆಟದ ಮರ್ಸಿನರೀಸ್‌ನಲ್ಲಿ ಹ್ಯಾಂಡ್‌ಕ್ಯಾನನ್ ಎಂಬ ಬಹುಮಾನದ ಬಂದೂಕು ಪಡೆಯಲು ಏನು ಬೇಕು?

5 ಪಾತ್ರ, 4 ಅಂಕಣ, ಎಲ್ಲದರಲ್ಲೂ 5 ನಕ್ಷತ್ರ, ಅಂದರೆ 20 ಸಲ 60,000 ಅಂಕ. ಮೊದಲು ಲಿಯಾನ್‌ನಿಂದ ಪ್ರತಿ ಅಂಕಣದಲ್ಲೂ 30,000 ದಾಟಿ 4 ನಕ್ಷತ್ರ ಪಡೆದರೆ ಉಳಿದ ನಾಲ್ವರು ತೆರೆದುಕೊಳ್ಳುತ್ತಾರೆ. ಹಂಕ್ ಕೈಯಲ್ಲಿ ತೂರಾಡುವ ಶತ್ರುವಿನ ಕತ್ತು ಒಂದೇ ಸಲಕ್ಕೆ ಮುರಿಯುತ್ತದೆ. ವಾಟರ್ ವರ್ಲ್ಡ್‌ನ ಎರಡಲಗಿನ ಗರಗಸದವನು ಬಂದಾಗ ಎತ್ತರದ ಜಾಗ ಹಿಡಿಯಿರಿ, ಏಣಿ ಹತ್ತುವವರನ್ನು ಮೇಲಿನಿಂದ ಕೆಡವಬಹುದು.

ಇಬ್ಬರಿದ್ದರೆ ಹೆದರಿಕೆಯೇ ಹೋಗುತ್ತದೆ ಎನ್ನುತ್ತಾರೆ. ನಿಜವೇ?

ಕತ್ತಲೆಯ ಹೆದರಿಕೆ ಬಹಳಷ್ಟು ಹೋಗುತ್ತದೆ, ಒಪ್ಪುತ್ತೇವೆ. ಆದರೆ ಜೊತೆಗಾರನಿಂದ ದೂರಾಗುವ ಹೆದರಿಕೆ ಅದರ ಜಾಗಕ್ಕೆ ಬರುತ್ತದೆ, ಅದನ್ನು ಬಳಸಿಕೊಂಡ ಆಟಗಳೇ ಗೆದ್ದಿವೆ. 2013ರ ಡೆಡ್ ಸ್ಪೇಸ್ 3ರಲ್ಲಿ ಕಾರ್ವರ್ ಆಗಿ ಆಡುವವನಿಗೆ ಕಾಣುವ ಭ್ರಮೆಗಳು ಐಸಾಕ್ ಆಗಿ ಆಡುವವನ ಪರದೆಯಲ್ಲಿ ಇರುವುದೇ ಇಲ್ಲ. 'ಅಲ್ಲಿ ನೋಡು' ಎಂದರೆ 'ಎಲ್ಲಿ? ಏನೂ ಇಲ್ಲವಲ್ಲ' ಎಂಬ ಉತ್ತರ ಬರುತ್ತದೆ. ಆ ಆಟದಲ್ಲಿ ಸ್ಪ್ಲಿಟ್ ಸ್ಕ್ರೀನ್ ಇಲ್ಲ, ಇಬ್ಬರಿಗೂ ಬೇರೆ ಬೇರೆ ಯಂತ್ರ, ಬೇರೆ ಬೇರೆ ಪ್ರತಿ ಬೇಕು.